ತೊಗಟೆಯ ಕೆಳಗೆ ಕರಗಿದ ಬಂಡವಾಳ
ಸೂಚಿಪರ್ಣಿ ಕಾಡುಗಳ ದುಂಬಿ ಹಾವಳಿಯಿಂದ ಉದ್ಯಮವು ಕಲಿಯಬೇಕಾದ ಲೆಕ್ಕ

ಉಗ್ರಾಣ ತುಂಬಿರುವುದನ್ನು ಕಂಡು ಸಮಾಧಾನಪಡುವ ವರ್ತಕನು ಆ ದಾಸ್ತಾನೆಲ್ಲವೂ ಒಂದೇ ಬಗೆಯ, ಒಂದೇ ವಯಸ್ಸಿನ ಸರಕೆಂಬುದನ್ನು ಅನೇಕ ವೇಳೆ ಗಮನಿಸುವುದಿಲ್ಲ. ಗಮನಕ್ಕೆ ಬರುವ ಹೊತ್ತಿಗೆ ಹುಳು ಒಳಸೇರಿರುತ್ತದೆ. ಕಿರಾಣಿ ಉಗ್ರಾಣಕ್ಕೆ ಸಲ್ಲುವ ಈ ಮಾತು ಒಂದು ದೇಶದ ಅರಣ್ಯಕ್ಕೂ ಸಲ್ಲುತ್ತದೆಂಬುದನ್ನು ಕಳೆದ ಮೂರು ದಶಕಗಳಲ್ಲಿ ಕೆನಡಾ ಮತ್ತು ಮಧ್ಯ ಯೂರೋಪಿನ ಮರದ ಉದ್ಯಮಗಳು ಭಾರಿ ಬೆಲೆ ತೆತ್ತು ಕಲಿತಿವೆ.

ಅಕ್ಕಿಕಾಳಿನಷ್ಟು ಗಾತ್ರದ ತೊಗಟೆ ದುಂಬಿಯೇ ಈ ನಷ್ಟದ ಕರ್ತೃ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ತಲೆಯೆತ್ತಿದ ಇದರ ಹಾವಳಿಯು ಸುಮಾರು 1.8 ಕೋಟಿ ಹೆಕ್ಟೇರ್ ಅರಣ್ಯವನ್ನು ಹೆಚ್ಚುಕಡಿಮೆ ಪ್ರಮಾಣದಲ್ಲಿ ಬಾಧಿಸಿತು. ಕರ್ನಾಟಕ ರಾಜ್ಯದ ಒಟ್ಟು ವಿಸ್ತೀರ್ಣವೇ ಸುಮಾರು 1.92 ಕೋಟಿ ಹೆಕ್ಟೇರ್ ಎಂಬುದನ್ನು ನೆನೆದರೆ ಈ ಅಂಕಿಯ ಅಗಾಧತೆ ಮನದಟ್ಟಾದೀತು. ಆ ಪ್ರಾಂತ್ಯದಲ್ಲಿ ಕಡಿದು ಮಾರಲು ಯೋಗ್ಯವಾಗಿದ್ದ ಪೈನ್ ಮರದ ಅರ್ಧಕ್ಕಿಂತ ಹೆಚ್ಚು ಭಾಗ ನಿಂತ ನಿಲುವಿನಲ್ಲೇ ಸತ್ತುಹೋಯಿತು. ಇಷ್ಟು ದೊಡ್ಡ ಆಸ್ತಿಯು ಇಷ್ಟು ಬೇಗ ಕರಗಿದ್ದು ಹೇಗೆ, ಉಳಿದುದನ್ನು ಕಾಪಾಡಲು ಏನು ಮಾಡಲಾಯಿತು, ಅದರಲ್ಲಿ ಯಾವುದು ಫಲಕೊಟ್ಟಿತು ಎಂಬ ಪ್ರಶ್ನೆಗಳು ಅರಣ್ಯಾಧಿಕಾರಿಗಳಿಗೆ ಮಾತ್ರ ಸಂಬಂಧಿಸಿದವಲ್ಲ. ದಾಸ್ತಾನು, ಸವಕಳಿ, ಸಾಮರ್ಥ್ಯ ವಿಸ್ತರಣೆ ಇವುಗಳ ನಡುವೆ ದಿನ ಕಳೆಯುವ ಪ್ರತಿಯೊಬ್ಬ ಉದ್ಯಮಿಗೂ ಇದರಲ್ಲಿ ಪಾಠವಿದೆ.

ದುಂಬಿಯ ಕಾರ್ಯವಿಧಾನ

ಪೈನ್, ಸ್ಪ್ರೂಸ್, ಫರ್ ಮೊದಲಾದ ಸೂಜಿಯಂತಹ ಎಲೆಗಳುಳ್ಳ ಮರಗಳನ್ನು ಸೂಚಿಪರ್ಣಿಗಳೆಂದು ಕರೆಯುತ್ತಾರೆ. ಇವುಗಳ ತೊಗಟೆಯ ಒಳಪದರದ ಮೂಲಕವೇ ಎಲೆಗಳಲ್ಲಿ ತಯಾರಾದ ಆಹಾರವು ಬೇರಿನವರೆಗೆ ಇಳಿಯುತ್ತದೆ. ದುಂಬಿಯು ತೊಗಟೆಯನ್ನು ಕೊರೆದು ಈ ಪದರವನ್ನು ಸೇರಿ, ಅಲ್ಲಿ ಸುರಂಗ ತೋಡಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಅಡ್ಡಲಾಗಿ ಕೊರೆಯುತ್ತಾ ಬೆಳೆಯುತ್ತವೆ. ಜೊತೆಗೆ ದುಂಬಿಯು ಹೊತ್ತು ತರುವ ಶಿಲೀಂಧ್ರವು ಮರದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಹೀಗೆ ಮೇಲಿನ ಆಹಾರ ಕೆಳಗಿಳಿಯದೆ, ಕೆಳಗಿನ ನೀರು ಮೇಲೇರದೆ ಮರ ಸಾಯುತ್ತದೆ.

ಆರೋಗ್ಯವಂತ ಮರವು ಸುಮ್ಮನೆ ಸೋಲುವುದಿಲ್ಲ. ಕೊರೆದಲ್ಲೆಲ್ಲ ರಾಳವನ್ನು ಸುರಿಸಿ ದುಂಬಿಯನ್ನು ಹೊರದೂಡುತ್ತದೆ ಅಥವಾ ಅಲ್ಲಿಯೇ ಹೂತುಬಿಡುತ್ತದೆ. ಆದುದರಿಂದ ಮೊದಲು ಬಂದ ದುಂಬಿಗಳು ವಾಸನೆಯ ರಾಸಾಯನಿಕವನ್ನು ಹೊರಸೂಸಿ ತಮ್ಮ ಬಳಗವನ್ನು ಕರೆಯುತ್ತವೆ. ಸಾವಿರಾರು ದುಂಬಿಗಳು ಏಕಕಾಲಕ್ಕೆ ಮುತ್ತಿದಾಗ ಮರದ ರಾಳದ ದಾಸ್ತಾನು ಮುಗಿದುಹೋಗುತ್ತದೆ. ಬರಗಾಲದಿಂದ ಬಾಡಿದ, ಗಾಳಿಗೆ ಉರುಳಿದ, ದಟ್ಟಣೆಯಿಂದ ನೀರು-ಬೆಳಕು ಸಾಲದೆ ಸೊರಗಿದ ಮರಗಳಲ್ಲಿ ಈ ರಾಳವೇ ಕಡಿಮೆ. ಅಂತಹ ಮರವನ್ನು ಕೊಲ್ಲಲು ಕೆಲವು ನೂರು ದುಂಬಿಗಳು ಸಾಕು. ಮಿತಪ್ರಮಾಣದಲ್ಲಿದ್ದಾಗ ಇದೇ ದುಂಬಿಯು ದುರ್ಬಲ ಮರಗಳನ್ನು ತೆಗೆದು ಹೊಸ ಮೊಳಕೆಗೆ ಜಾಗ ಮಾಡಿಕೊಡುವ ಕಾಡಿನ ಸಹಜ ನಿವಾಸಿ. ದುರ್ಬಲ ಮರಗಳ ಸಂಖ್ಯೆಯೇ ಮಿತಿಮೀರಿದಾಗ ಅದು ಹಾವಳಿಯಾಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ ಅತಿ ಮುಖ್ಯವಾದ ಸಂಗತಿ ಇನ್ನೊಂದಿದೆ. ಬ್ರಿಟಿಷ್ ಕೊಲಂಬಿಯಾದ ಪರ್ವತ ಪೈನ್ ದುಂಬಿಯು ಬೇಸಿಗೆಯಲ್ಲಿ ಮರವನ್ನು ಮುತ್ತುತ್ತದೆ. ಆದರೂ ಮರವು ಮುಂದಿನ ಚಳಿಗಾಲವೆಲ್ಲ ಹಸಿರಾಗಿಯೇ ಕಾಣುತ್ತದೆ. ಮರುವರ್ಷದ ಬೇಸಿಗೆಗೆ ಎಲೆ ಕೆಂಪಾಗುತ್ತದೆ, ಅನಂತರ ಉದುರಿ ಮರ ಬೂದುಬಣ್ಣಕ್ಕೆ ತಿರುಗುತ್ತದೆ. ಕೆಂಪು ಕಂಡಾಗ ಹೊಸ ಪೀಳಿಗೆಯ ದುಂಬಿಗಳು ಹೊರಬಿದ್ದು ಪಕ್ಕದ ಮರಗಳನ್ನು ಸೇರುತ್ತಿರುತ್ತವೆ, ಇಲ್ಲವೇ ಸೇರಿಯಾಗಿರುತ್ತವೆ. ಅರ್ಥಾತ್, ಕಣ್ಣಿಗೆ ಕಾಣುವ ಕೆಂಪು ಮರವು ಕಳೆದ ವರ್ಷದ ನಷ್ಟ. ಈ ವರ್ಷದ ನಷ್ಟವು ಹಸಿರು ಬಣ್ಣದಲ್ಲಿ ಆಸ್ತಿಯ ಪಟ್ಟಿಯಲ್ಲೇ ಕುಳಿತಿರುತ್ತದೆ.

ಸಂರಕ್ಷಣೆಯ ಹೆಸರಿನಲ್ಲಿ ಬೆಳೆದ ಅಪಾಯ

ಆ ಪ್ರಾಂತ್ಯದ ಲಾಡ್ಜ್‌ಪೋಲ್ ಪೈನ್ ಕಾಡುಗಳು ಕಾಳ್ಗಿಚ್ಚಿನೊಡನೆ ಬೆಳೆದುಬಂದವು. ಆ ಮರದ ಅನೇಕ ಕಾಯಿಗಳು ಬೆಂಕಿಯ ಶಾಖಕ್ಕೆ ಬಿರಿದು ಬೀಜ ಚೆಲ್ಲುತ್ತವೆ. ಆಗಾಗ ಬೀಳುತ್ತಿದ್ದ ಬೆಂಕಿಯಿಂದ ಕಾಡಿನಲ್ಲಿ ಎಳೆಯದು, ನಡುವಯಸ್ಸಿನದು, ಹಳೆಯದು ಹೀಗೆ ಬಗೆಬಗೆಯ ವಯಸ್ಸಿನ ತುಂಡುಗಳಿರುತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಮರದ ಸಂಪತ್ತನ್ನು ಉಳಿಸುವ ಸದುದ್ದೇಶದಿಂದ ಬೆಂಕಿಯನ್ನು ದಕ್ಷತೆಯಿಂದ ನಂದಿಸುತ್ತಾ ಬರಲಾಯಿತು. ಪರಿಣಾಮವಾಗಿ ಶತಮಾನದ ಕೊನೆಯ ವೇಳೆಗೆ ಬಲಿತ ಪೈನ್ ಮರಗಳ ಪ್ರದೇಶವು ಶತಮಾನದ ಆರಂಭದಲ್ಲಿದ್ದುದಕ್ಕಿಂತ ಸುಮಾರು ಮೂರು ಪಟ್ಟಾಗಿತ್ತು. ಪುಸ್ತಕದಲ್ಲಿ ಅದು ಆಸ್ತಿಯ ವೃದ್ಧಿ. ದುಂಬಿಗೆ ಬೇಕಾದುದೂ ದಪ್ಪ ತೊಗಟೆಯ ಬಲಿತ ಮರವೇ.

ಇದುವರೆಗೆ ದುಂಬಿಯನ್ನು ಅಂಕೆಯಲ್ಲಿಟ್ಟಿದ್ದ ಕಾವಲುಗಾರನೆಂದರೆ ಚಳಿ. ನಡುಚಳಿಗಾಲದಲ್ಲಿ ಉಷ್ಣತೆಯು ಕೆಲವು ದಿನಗಳ ಕಾಲ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ತೊಗಟೆಯೊಳಗಿನ ಮರಿಹುಳುಗಳು ಬಹುಪಾಲು ಸಾಯುತ್ತವೆ. ಹವಾಮಾನ ಬಿಸಿಯೇರಿದಂತೆ ಅಂತಹ ಚಳಿಗಾಲಗಳು ಅಪರೂಪವಾದವು. ಒಂದೇ ಬಗೆಯ ದಾಸ್ತಾನು ಒಂದು ಕಡೆ, ಕಾವಲು ಸಡಿಲಗೊಂಡುದು ಇನ್ನೊಂದು ಕಡೆ. ಇವೆರಡೂ ಕೂಡಿದಾಗ ಹಾವಳಿಯು 2005ರ ಸುಮಾರಿಗೆ ತುತ್ತತುದಿ ಮುಟ್ಟಿತು. 2006ರಲ್ಲಿ ಗಾಳಿಯ ನೆರವಿನಿಂದ ದುಂಬಿಯ ದಂಡು ರಾಕಿ ಪರ್ವತಗಳನ್ನು ದಾಟಿ ನೆರೆಯ ಆಲ್ಬರ್ಟಾ ಪ್ರಾಂತ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿ ಇಳಿಯಿತು.

ಬಂಡವಾಳವೇ ಆದಾಯವಾಗಿ ಕಂಡಾಗ

ದುಂಬಿ ಕೊಂದ ಮರವು ಕೂಡಲೇ ನಿರುಪಯೋಗಿಯಾಗುವುದಿಲ್ಲ. ಶಿಲೀಂಧ್ರದಿಂದ ಮರವು ನೀಲಿಛಾಯೆ ಪಡೆಯುತ್ತದೆಯಾದರೂ ಅದರ ಬಲ ಕುಂದುವುದಿಲ್ಲ. ಮಾರಾಟಗಾರರು ಅದಕ್ಕೆ ‘ಡೆನಿಮ್ ಪೈನ್’ ಎಂಬ ಆಕರ್ಷಕ ಹೆಸರಿಟ್ಟರು. 2010ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ರಿಚ್ಮಂಡ್ ನಗರದಲ್ಲಿ ಕಟ್ಟಿದ ಸ್ಕೇಟಿಂಗ್ ಕ್ರೀಡಾಂಗಣದ ವಿಶಾಲ ಛಾವಣಿಗೆ ಇಂತಹ ಮರವನ್ನೇ ಬಳಸಿ ಪ್ರಚಾರವನ್ನೂ ಗಳಿಸಲಾಯಿತು. ಆದರೆ ಸತ್ತ ಮರವು ನಿಂತಲ್ಲಿಯೇ ಒಣಗುತ್ತಾ ಸೀಳುಬಿಡುತ್ತದೆ. ವರ್ಷಗಳು ಕಳೆದಂತೆ ಒಂದು ದಿಮ್ಮಿಯಿಂದ ದೊರೆಯುವ ಹಲಗೆ ಕಡಿಮೆಯಾಗುತ್ತದೆ. ಆದುದರಿಂದ ಸರಕಾರವು ಹೆಚ್ಚು ಹಾನಿಯಾದ ಪ್ರಿನ್ಸ್ ಜಾರ್ಜ್, ಕ್ವೆನೆಲ್ ಮುಂತಾದ ವಲಯಗಳಲ್ಲಿ ವಾರ್ಷಿಕ ಕಡಿತದ ಮಿತಿಯನ್ನು ಏರಿಸಿತು. ಸಾಮಿಲ್ಲುಗಳು ಹಗಲಿರುಳೂ ದುಡಿದವು.

ಇಲ್ಲಿಯೇ ಪ್ರತಿಯೊಬ್ಬ ಲೆಕ್ಕಿಗನೂ ಎಚ್ಚರಿಸುವ ಪ್ರಮಾದಕ್ಕೆ ಎಡೆಯಿತ್ತು. ಲಾಭ-ನಷ್ಟ ಖಾತೆಯಲ್ಲಿ ಮಾರಾಟ ಏರುತ್ತಿತ್ತು. ಅಢಾವೆ ಪತ್ರಿಕೆಯ ಇನ್ನೊಂದು ಬದಿಯಲ್ಲಿ, ಮುಂದಿನ ಹಲವಾರು ದಶಕಗಳಲ್ಲಿ ಕಡಿಯಬೇಕಾಗಿದ್ದ ಮರ ಕೆಲವೇ ವರ್ಷಗಳಲ್ಲಿ ಖಾಲಿಯಾಗುತ್ತಿತ್ತು. ಅದು ಗಳಿಕೆಯಾಗಿರಲಿಲ್ಲ, ಮೂಲ ಬಂಡವಾಳವನ್ನೇ ನಗದು ಮಾಡಿಕೊಂಡದ್ದಾಗಿತ್ತು. ಒಂದು ಪೈನ್ ಮರ ಕಡಿಯುವ ಗಾತ್ರಕ್ಕೆ ಬರಲು ಅಲ್ಲಿಯ ಚಳಿಯಲ್ಲಿ ಆರೇಳು ದಶಕಗಳಾದರೂ ಬೇಕು. ಆ ತಾತ್ಕಾಲಿಕ ಪೂರೈಕೆಯನ್ನು ನಂಬಿ ನಿಂತ ಕಾರ್ಖಾನೆಗೆ ಮುಂದೆ ದಿಮ್ಮಿ ಎಲ್ಲಿಂದ ಬರಬೇಕು?

ಉತ್ತರವು ತಡವಾಗಿಯಾದರೂ ಬಂದೇ ಬಂದಿತು. 2007ರ ನಂತರ ಅಮೆರಿಕದ ಗೃಹನಿರ್ಮಾಣ ಕುಸಿದು ಬೇಡಿಕೆ ಬಿದ್ದಿತು. 2012ರಲ್ಲಿ ಬರ್ನ್ಸ್ ಲೇಕ್ ಮತ್ತು ಪ್ರಿನ್ಸ್ ಜಾರ್ಜ್‌ಗಳ ಎರಡು ಸಾಮಿಲ್ಲುಗಳಲ್ಲಿ ಮರದ ಧೂಳು ಸ್ಫೋಟಿಸಿ ತಲಾ ಇಬ್ಬರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ದುಂಬಿ ಕೊಂದ ಒಣಮರದಿಂದ ಏಳುವ ನುಣುಪಾದ ಧೂಳಿನ ಅಪಾಯವು ಆಗ ಎಲ್ಲರ ಗಮನಕ್ಕೆ ಬಂದು, ಧೂಳು ನಿಯಂತ್ರಣದ ತಪಾಸಣೆ ಬಿಗಿಯಾಯಿತು. ಕಚ್ಚಾ ಮಾಲಿನ ಗುಣ ಬದಲಾದಾಗ ಯಂತ್ರ ಹಳೆಯದೇ ಇದ್ದರೂ ಅಪಾಯ ಹೊಸದಾಗಿರುತ್ತದೆ. ಹೂಸ್ಟನ್ ಎಂಬ ಪುಟ್ಟ ಊರು 2014ರಲ್ಲಿ ಒಂದು ಸಾಮಿಲ್ಲನ್ನೂ 2023ರಲ್ಲಿ ಮತ್ತೊಂದನ್ನೂ ಕಳೆದುಕೊಂಡಿತು. 2019ರಲ್ಲಿ ಪ್ರಾಂತ್ಯದ ಒಳನಾಡಿನ ಹಲವು ಘಟಕಗಳು ಬಾಗಿಲು ಹಾಕಿದವು. ಕಾಳ್ಗಿಚ್ಚು, ಸುಂಕದ ವಿವಾದ, ಬೆಲೆಯ ಏರಿಳಿತ ಇವೂ ಕಾರಣಗಳೆಂಬುದು ನಿಜ. ಆದರೆ ದಿಮ್ಮಿಯ ಅಭಾವವು ಅವೆಲ್ಲದರ ಹಿನ್ನೆಲೆಯಲ್ಲಿತ್ತು. ಸಾಮಿಲ್ಲು ನಿಂತರೆ ಲಾರಿ ಮಾಲೀಕ, ಗರಗಸ ಹರಿತ ಮಾಡುವವ, ಬಿಡಿಭಾಗದ ಅಂಗಡಿ, ಊಟದ ಹೋಟೆಲು ಎಲ್ಲವೂ ಸೊರಗುತ್ತವೆಂಬುದನ್ನು ಸಣ್ಣ ಉದ್ದಿಮೆದಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜರ್ಮನಿಯ ಅನುಭವ

ಜರ್ಮನಿಯಲ್ಲಿ ಸ್ಪ್ರೂಸ್ ಮರಕ್ಕೆ ‘ಅನ್ನದ ಮರ’ ಎಂಬ ಅರ್ಥದ ಹೆಸರಿದೆ. ನೇರವಾಗಿ, ಬೇಗನೆ ಬೆಳೆದು ಮಾರುಕಟ್ಟೆಯಲ್ಲಿ ಸುಲಭವಾಗಿ ಬಿಕರಿಯಾಗುವ ಈ ಮರವನ್ನು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಅದರ ಸಹಜ ನೆಲೆಯಾದ ತಂಪು ಬೆಟ್ಟಗಳಿಂದ ಕೆಳಗಿನ ಬಯಲುಗಳಿಗೂ ವಿಸ್ತರಿಸಿ ನೆಡಲಾಯಿತು. 2018ರ ಜನವರಿಯ ಬಿರುಗಾಳಿ ಅಪಾರ ಮರಗಳನ್ನು ಉರುಳಿಸಿತು. ಅದರ ಬೆನ್ನಿಗೇ ಮೂರು ವರ್ಷ ಮಳೆ ಕೈಕೊಟ್ಟಿತು. ಸ್ಪ್ರೂಸ್ ದುಂಬಿಯು ಬಿಸಿ ವರ್ಷಗಳಲ್ಲಿ ಮೂರು ಪೀಳಿಗೆಗಳನ್ನು ಹೆರಬಲ್ಲದು. ತೊಗಟೆಯ ಒಳಗೆ ಇದು ಕೊರೆಯುವ ಸಾಲುಗಳು ಅಚ್ಚಿನ ಪುಟದಂತೆ ಕಾಣುವುದರಿಂದ ಜರ್ಮನರು ಇದನ್ನು ‘ಪುಸ್ತಕ ಮುದ್ರಕ’ ಎಂದು ಕರೆಯುತ್ತಾರೆ.

2020ರಲ್ಲಿ ಆ ದೇಶದಲ್ಲಿ ಕಡಿದ 8.04 ಕೋಟಿ ಘನ ಮೀಟರ್ ಮರದಲ್ಲಿ ಸುಮಾರು ಮುಕ್ಕಾಲು ಪಾಲು ಹಾನಿಗೀಡಾದ ಮರವಾಗಿತ್ತು. 2018ರ ಜನವರಿಯಿಂದ 2021ರ ಏಪ್ರಿಲ್‌ವರೆಗೆ ಸುಮಾರು 5 ಲಕ್ಷ ಹೆಕ್ಟೇರ್‌ನಲ್ಲಿ, ಎಂದರೆ ದೇಶದ ಅರಣ್ಯದ ಶೇ. 5ರಷ್ಟು ಭಾಗದಲ್ಲಿ, ಮರಗಳ ಹೊದಿಕೆ ನಾಶವಾಯಿತೆಂದು ಉಪಗ್ರಹ ಚಿತ್ರಗಳು ತೋರಿಸಿದವು. ಎಲ್ಲರೂ ಒಮ್ಮೆಗೇ ಮಾರಲು ಬಂದಾಗ ಆಗುವುದೇ ಆಯಿತು. ದುಂಬಿ ಹಿಡಿದ ಮರದ ಬೆಲೆ ಹಿಂದಿನ ಬೆಲೆಯ ಅರ್ಧಕ್ಕೂ ಕೆಳಗಿಳಿಯಿತು. ದಿಮ್ಮಿಗಳು ಕಂಟೇನರುಗಳಲ್ಲಿ ಚೀನಾದವರೆಗೂ ಹೋದವು. 2021ರಲ್ಲಿ ಸರಕಾರವು ಹಸಿ ಸ್ಪ್ರೂಸ್ ಮರದ ಕಡಿತವನ್ನು 2013–2017ರ ಸರಾಸರಿಯ ಶೇ. 85ಕ್ಕೆ ಮಿತಿಗೊಳಿಸಿ ಮಾರುಕಟ್ಟೆಯ ಭಾರ ಇಳಿಸಲೆತ್ನಿಸಿತು. ಅದೇ ವರ್ಷ ಕೊಯ್ದ ಹಲಗೆಯ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿತು. ಆದರೆ ಅದರ ಲಾಭ ದಿಮ್ಮಿ ಮಾರಿದ ಕಾಡಿನ ಒಡೆಯನ ಕೈಗೆ ಅಷ್ಟಾಗಿ ತಲುಪಲಿಲ್ಲ. ಕಾಯುವ ಶಕ್ತಿಯಿಲ್ಲದ ಮಾರಾಟಗಾರನಿಗೆ ಏರುಬೆಲೆಯೂ ಒದಗುವುದಿಲ್ಲ.

ನಿರ್ವಹಣೆಯ ಮಾರ್ಗಗಳು

ಹಾವಳಿಯ ಮೊದಲ ಹಂತದಲ್ಲಿ ಅತ್ಯಂತ ಫಲಕಾರಿಯಾದ ಕ್ರಮವೆಂದರೆ ಹುಳು ಹಿಡಿದ ಮರವನ್ನು ಬೇಗ ಪತ್ತೆಹಚ್ಚಿ, ಮರಿದುಂಬಿಗಳು ಹಾರುವ ಮೊದಲೇ ಕಾಡಿನಿಂದ ಹೊರಸಾಗಿಸುವುದು. ಸ್ಪ್ರೂಸ್ ಮರದ ಬುಡದಲ್ಲಿ ಕಾಫಿಪುಡಿಯಂತಹ ಕಂದು ಹೊಟ್ಟು ಬಿದ್ದಿದೆಯೇ ಎಂದು ಕಾವಲುಗಾರರು ಬೇಸಿಗೆಯುದ್ದಕ್ಕೂ ಮರದಿಂದ ಮರಕ್ಕೆ ನಡೆದು ನೋಡುತ್ತಾರೆ. ಮೊಟ್ಟೆಯಿಂದ ಹಾರುವ ದುಂಬಿಯಾಗಲು ಬಿಸಿಲುಗಾಲದಲ್ಲಿ ಆರರಿಂದ ಎಂಟು ವಾರಗಳು ಸಾಕು. ಕೆಲಸ ಮುಗಿಸಲು ಇರುವ ಅವಧಿಯೂ ಅಷ್ಟೇ. ಸಾಗಿಸಲಾಗದಿದ್ದರೆ ತೊಗಟೆ ಸುಲಿಯಬೇಕು. ಅದೂ ಬಿಳಿಯ ಮರಿಹುಳುವಿನ ಹಂತದಲ್ಲಿದ್ದಾಗ ಮಾತ್ರ ಸಾರ್ಥಕ. ದುಂಬಿ ಬಲಿತ ಮೇಲೆ ಸುಲಿದರೆ ಅದನ್ನು ನಾವೇ ಬಿಡುಗಡೆ ಮಾಡಿದಂತೆ. ಆಲ್ಬರ್ಟಾದಲ್ಲಿ ಕೆಂಪಾದ ಮರದ ಸುತ್ತಲಿನ ಹಸಿರು ಮರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹುಳುವಿದ್ದವನ್ನು ಕಡಿದು ಸುಡುವ ಕ್ರಮವನ್ನು ವರ್ಷಗಳ ಕಾಲ ನಡೆಸಲಾಯಿತು. ಅನಂತರದ ಕೆಲವು ಕಡು ಚಳಿಗಾಲಗಳೂ ನೆರವಾದವು.

ಗಾಳಿಗೆ ಬಿದ್ದ ಮರವು ದುಂಬಿಗೆ ಬಾಗಿಲು ತೆರೆದಿಟ್ಟ ಉಗ್ರಾಣವಿದ್ದಂತೆ. 2005ರ ಜನವರಿಯಲ್ಲಿ ‘ಗುಡ್ರುನ್’ ಬಿರುಗಾಳಿಯು ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನ ಮೀಟರ್ ಮರವನ್ನು ಉರುಳಿಸಿದಾಗ ಅಲ್ಲಿಯವರು ದಿಮ್ಮಿಗಳನ್ನು ತ್ವರಿತವಾಗಿ ಹೊರತೆಗೆದು ಬೃಹತ್ ರಾಶಿಗಳಲ್ಲಿ ಪೇರಿಸಿ ಎಡೆಬಿಡದೆ ನೀರು ಸಿಂಪಡಿಸಿದರು. ಬೀಹೋಲ್ಮಾ ಎಂಬಲ್ಲಿ ಸುಮಾರು 10 ಲಕ್ಷ ಘನ ಮೀಟರ್ ದಿಮ್ಮಿ ಹೀಗೆ ಸಂಗ್ರಹವಾಗಿತ್ತು. ತೊಯ್ದ ದಿಮ್ಮಿಗೆ ದುಂಬಿಯೂ ಹತ್ತದು, ಸೀಳೂ ಬಿಡದು. ಮಾರಾಟಗಾರನಿಗೆ ಕಾಯುವ ಶಕ್ತಿಯೂ ದೊರೆಯುತ್ತದೆ. ಉಗ್ರಾಣದ ಖರ್ಚೂ ಕೆಲವೊಮ್ಮೆ ವಿಮೆಯ ಕಂತಿನಂತೆಯೇ.

ವಾಸನೆಯ ರಾಸಾಯನಿಕವಿರುವ ಬಲೆಗಳು ದುಂಬಿಯ ಸಂಖ್ಯೆ ಮತ್ತು ಹಾರಾಟದ ಕಾಲವನ್ನು ತಿಳಿಸುತ್ತವೆಯೇ ಹೊರತು ಹಾವಳಿಯನ್ನು ತಡೆಯಲಾರವು. ‘ಈ ಮರ ಭರ್ತಿಯಾಗಿದೆ’ ಎಂಬ ಸಂದೇಶ ಕೊಡುವ ವರ್ಬಿನೋನ್ ಎಂಬ ವಸ್ತುವಿನ ಚೀಲಗಳನ್ನು ಅಮೆರಿಕದಲ್ಲಿ ಉದ್ಯಾನ, ಶಿಬಿರತಾಣಗಳ ಬೆಲೆಬಾಳುವ ಮರಗಳಿಗೆ ಕಟ್ಟುತ್ತಾರೆ. ದುಂಬಿಯ ಒತ್ತಡ ಮಿತಿಮೀರಿದಾಗ ಅದೂ ಸೋಲುತ್ತದೆ. ಕೀಟನಾಶಕವು ಆಯ್ದ ಕೆಲವು ಮರಗಳಿಗೆ ಸರಿ. ಇಡೀ ಕಾಡಿಗೆ ಅದರ ವೆಚ್ಚವೂ ತಾಳದು, ಹಾನಿಯೂ ಸಲ್ಲದು.

ಪ್ರತಿಯೊಂದು ಸತ್ತ ಮರವನ್ನೂ ಕಡಿಯಲೇಬೇಕೆಂದಿಲ್ಲ ಎಂಬುದಕ್ಕೆ ಬವೇರಿಯನ್ ಅರಣ್ಯ ರಾಷ್ಟ್ರೀಯ ಉದ್ಯಾನ ಸಾಕ್ಷಿ. 1983ರ ಬಿರುಗಾಳಿಯ ನಂತರ ಅಲ್ಲಿ ಬಿದ್ದ ಮರಗಳನ್ನು ಒಳವಲಯದಲ್ಲಿ ಹಾಗೆಯೇ ಬಿಡುವ ನಿರ್ಧಾರವಾಯಿತು. ದುಂಬಿ ಸಾವಿರಾರು ಹೆಕ್ಟೇರ್ ಸ್ಪ್ರೂಸ್ ಕಾಡನ್ನು ಕೊಂದಾಗ ಸುತ್ತಲಿನ ಜನರು ತೀವ್ರವಾಗಿ ವಿರೋಧಿಸಿದರು. ಆದರೆ ಸತ್ತ ಮರಗಳ ನಡುವೆ ಎಳೆಯ ಕಾಡು ತಾನಾಗಿಯೇ ಎದ್ದಿತು. ಅದೇ ವೇಳೆ, ಪಕ್ಕದ ಖಾಸಗಿ ಕಾಡುಗಳ ಒಡೆಯರಿಗೆ ನಷ್ಟವಾಗದಂತೆ ಗಡಿಯಂಚಿನ ಪಟ್ಟಿಯಲ್ಲಿ ದುಂಬಿ ಹಿಡಿದ ಮರಗಳನ್ನು ತಪ್ಪದೆ ತೆಗೆಯಲಾಗುತ್ತದೆ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆಯುವುದೂ ನಿರ್ವಹಣೆಯೇ.

ಆರೋಗ್ಯದ ಮರುಸ್ಥಾಪನೆ

ಇಷ್ಟೆಲ್ಲ ಹಾವಳಿ ಬಂದ ಮೇಲಿನ ಮಾತು. ಬರುವ ಮೊದಲಿನ ಖರ್ಚೇ ಹೆಚ್ಚು ಫಲ ಕೊಡುತ್ತದೆ. ದಟ್ಟವಾದ ನೆಡುತೋಪಿನಲ್ಲಿ ನಡುನಡುವಿನ ಮರಗಳನ್ನು ತೆಗೆದು ಅಂತರ ಕೊಟ್ಟರೆ ಉಳಿದ ಮರಗಳಿಗೆ ನೀರು, ಬೆಳಕು ಹೆಚ್ಚು ದೊರೆತು ರಾಳದ ಶಕ್ತಿ ಬೆಳೆಯುತ್ತದೆ. ಮರಗಳ ನಡುವೆ ಗಾಳಿ ಆಡಿದಾಗ ದುಂಬಿಯ ವಾಸನೆಯ ಕರೆಯೂ ಚದುರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಣ್ಣ ಹಿಡುವಳಿದಾರರಿಗೆ ಇಂತಹ ಕೆಲಸದ ವೆಚ್ಚದಲ್ಲಿ ಪಾಲು ಕೊಡುವ ಯೋಜನೆ 2003ರಿಂದ ನಡೆದುಬಂದಿದೆ. ಎಳೆಯ ಮರಗಳನ್ನು ತೆಗೆದುದರಿಂದ ಆ ವರ್ಷ ಬರುವ ಹಣ ಅಲ್ಪ. ಆದರೆ ಉಳಿಯುವ ಆಸ್ತಿ ದೊಡ್ಡದು.

ಮರುನೆಡುವಿಕೆಯಲ್ಲಿ ಹಳೆಯ ತಪ್ಪನ್ನೇ ಹೊಸದಾಗಿ ಮಾಡಬಾರದೆಂಬುದು ಇನ್ನೊಂದು ಪಾಠ. ಜರ್ಮನಿಯಲ್ಲಿ ಸ್ಪ್ರೂಸ್ ಹೋದ ಜಾಗದಲ್ಲಿ ಬೀಚ್, ಓಕ್, ಮೇಪಲ್, ಬೆಳ್ಳಿ ಫರ್, ಡಗ್ಲಸ್ ಫರ್ ಮುಂತಾದವನ್ನು ಬೆರೆಸಿ ಬೆಳೆಸುತ್ತಿದ್ದಾರೆ. ಒಂದು ಬಗೆಯ ದುಂಬಿ ಸಾಮಾನ್ಯವಾಗಿ ಒಂದೆರಡು ಬಗೆಯ ಮರಗಳನ್ನಷ್ಟೇ ಮುತ್ತುವುದರಿಂದ ಮಿಶ್ರ ಕಾಡು ಒಮ್ಮೆಗೇ ದಿವಾಳಿಯಾಗುವುದಿಲ್ಲ. ಅಗಲ ಎಲೆಯ ಮರಗಳು ನಿಧಾನವಾಗಿ ಬೆಳೆಯುತ್ತವೆ, ಅವುಗಳ ಹಲಗೆಗೆ ತಕ್ಕ ಯಂತ್ರಗಳೂ ಮಾರುಕಟ್ಟೆಯೂ ಬೇಕೆಂಬುದು ಸಾಮಿಲ್ಲಿನವರ ಕಷ್ಟ. ಅದು ಸುಳ್ಳಲ್ಲ. ಆದರೂ ವರ್ಷಕ್ಕೆ ತುಸು ಕಡಿಮೆ ಆದಾಯ ಕೊಟ್ಟು ನೂರು ವರ್ಷ ಉಳಿಯುವ ಆಸ್ತಿಗೂ, ಹೆಚ್ಚು ಆದಾಯ ಕೊಟ್ಟು ಒಂದು ಬರಗಾಲಕ್ಕೆ ಮುಗಿಯುವ ಆಸ್ತಿಗೂ ಇರುವ ಅಂತರವನ್ನು ಅವರೀಗ ತಿಳಿದಿದ್ದಾರೆ.

ಕರ್ನಾಟಕದ ರಫ್ತುದಾರರಿಗೆ ಸಂಬಂಧಿಸಿದ್ದು

ದುಂಬಿಗಳು ರೆಕ್ಕೆಯಿಂದ ಮಾತ್ರವಲ್ಲ, ವ್ಯಾಪಾರದ ದಾರಿಯಲ್ಲೂ ಪ್ರಯಾಣಿಸುತ್ತವೆ. ಉತ್ತರ ಅಮೆರಿಕದ ಕೆಂಪು ಟರ್ಪೆಂಟೈನ್ ದುಂಬಿಯು ಮರದ ಆಮದಿನೊಡನೆ ಚೀನಾ ಸೇರಿ, 1998ರಲ್ಲಿ ಶಾಂಕ್ಸಿ ಪ್ರಾಂತ್ಯದಲ್ಲಿ ಪತ್ತೆಯಾಗಿ, ಮುಂದಿನ ವರ್ಷಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಪೈನ್ ಮರಗಳನ್ನು ಕೊಂದಿತು. ಇಂತಹ ಸಾಗಾಟವನ್ನು ತಡೆಯಲೆಂದೇ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯು 2002ರಲ್ಲಿ ‘ಐಎಸ್‌ಪಿಎಂ 15’ ಎಂಬ ಮಾನದಂಡವನ್ನು ರೂಪಿಸಿತು. ಗ್ರಾನೈಟ್ ಆಗಲಿ, ಯಂತ್ರದ ಬಿಡಿಭಾಗವಾಗಲಿ, ಮರದ ಪೆಟ್ಟಿಗೆ ಅಥವಾ ಪ್ಯಾಲೆಟ್ ಮೇಲೆ ಹಡಗೇರುವ ಪ್ರತಿಯೊಂದು ಸರಕಿಗೂ ಇದು ಅನ್ವಯಿಸುತ್ತದೆ.

ನಿಯಮದಂತೆ 6 ಮಿಲಿಮೀಟರಿಗಿಂತ ದಪ್ಪದ ಹಸಿಮರವನ್ನು ತೊಗಟೆ ತೆಗೆದು, ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸತತವಾಗಿ 30 ನಿಮಿಷ ಇರುವಂತೆ ಕಾಯಿಸಬೇಕು, ಇಲ್ಲವೇ ಅಂಗೀಕೃತವಾದ ಬೇರೆ ಸಂಸ್ಕರಣೆಗೆ ಒಳಪಡಿಸಬೇಕು. ಪ್ಲೈವುಡ್‌ನಂತಹ ಸಂಸ್ಕರಿತ ಹಲಗೆಗೆ ಇದರಿಂದ ವಿನಾಯಿತಿಯಿದೆ. ಕೇಂದ್ರ ಸರಕಾರದ ಸಸ್ಯ ಸಂರಕ್ಷಣಾ ನಿರ್ದೇಶನಾಲಯದ ಮಾನ್ಯತೆ ಪಡೆದ ಘಟಕ ಮಾತ್ರವೇ ಮುದ್ರೆ ಒತ್ತಬಹುದು. ಮುದ್ರೆಯಿಲ್ಲದ ಅಥವಾ ತೊಗಟೆ ಉಳಿದ ಪೆಟ್ಟಿಗೆಯನ್ನು ಆಮದು ದೇಶವು ಹಿಂದಿರುಗಿಸಬಹುದು, ನಾಶಪಡಿಸಬಹುದು. ಖರ್ಚು ಸಾಮಾನ್ಯವಾಗಿ ಸರಕಿನವರ ತಲೆಗೇ ಬರುತ್ತದೆ. ಹಳೆಯ ಪ್ಯಾಲೆಟ್‌ನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಲಗೆ ಬದಲಿಸಿದಾಗ ಹಳೆಯ ಮುದ್ರೆ ಅಳಿಸಿ, ಹೊಸದಾಗಿ ಸಂಸ್ಕರಿಸಿ ಮತ್ತೆ ಮುದ್ರೆ ಒತ್ತಿಸಬೇಕೆಂಬ ನಿಯಮವನ್ನು ಅನೇಕರು ಮರೆಯುತ್ತಾರೆ. ಪ್ಯಾಕಿಂಗ್ ಪೂರೈಸುವವರಿಂದ ಪ್ರತಿ ಬಾರಿಯೂ ಸಂಸ್ಕರಣಾ ಪ್ರಮಾಣಪತ್ರ ಪಡೆದು ಇನ್‌ವಾಯ್ಸ್ ಕಡತದೊಡನೆ ಇಡುವುದು ಸಣ್ಣ ಶ್ರಮ; ತಪ್ಪಿದರೆ ತೆರಬೇಕಾದುದು ದೊಡ್ಡ ದಂಡ.

ತೊಗಟೆ ದುಂಬಿಯ ವೃತ್ತಾಂತವು ಅರಣ್ಯಶಾಸ್ತ್ರದ್ದಾದರೂ ಅದರ ತಾತ್ಪರ್ಯ ವಾಣಿಜ್ಯದ್ದು. ಒಂದೇ ಗಿರಾಕಿಯನ್ನು ನಂಬಿದ ಕಾರ್ಖಾನೆ, ಒಂದೇ ಸರಕಿನಿಂದ ತುಂಬಿದ ಗೋದಾಮು, ಒಂದೇ ಹಂಗಾಮಿನ ಭರಾಟೆಗಾಗಿ ಸಾಲಮಾಡಿ ಕೊಂಡ ಯಂತ್ರ ಇವೆಲ್ಲವೂ ಒಂದೇ ವಯಸ್ಸಿನ ಪೈನ್ ಕಾಡುಗಳೇ. ವರ್ಷಾಂತ್ಯದ ಲೆಕ್ಕ ಮುಗಿಸುವಾಗ ವರ್ತಕ ಬಂಧುಗಳು ಕೆಂಪಾದ ಮರಗಳನ್ನು ಎಣಿಸಿ ಕೈತೊಳೆದುಕೊಳ್ಳದೆ, ಹಸಿರಾಗಿ ಕಾಣುವವುಗಳ ತೊಗಟೆಯನ್ನೂ ಒಮ್ಮೆ ಎತ್ತಿ ನೋಡುವುದು ಕ್ಷೇಮ.